ಪೀಸ್ ಲಿಲಿ: ನೀರು ಮಿತವಾಗಿರಲಿ, ಎಚ್ಚರ ಸದಾ ಇರಲಿ

ಮನೆಯೊಳಗೆ ಒಂದಿಷ್ಟು ಹಸಿರಿದ್ದರೆ ಮನಸ್ಸಿಗೆ ಹಿತ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆ ಬಿಸಿಲಿಗೆ ಅಂಗಳದ ಹೂಗಿಡಗಳು ಬಾಡುವಾಗ, ನೆರಳಿನಲ್ಲೇ ಬಾಳುವ ಪೀಸ್ ಲಿಲಿ ಅನುಕೂಲದ ಗಿಡವೆನಿಸುತ್ತದೆ. ಆದರೆ ತರುವ ಮುನ್ನ ಅದರ ಗುಣದೋಷಗಳನ್ನು ಅರಿಯಬೇಕು. ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಹೆಸರಿನಲ್ಲಿ ಲಿಲಿ ಇದ್ದರೂ ಇದು ನಿಜವಾದ ಲಿಲಿಯಲ್ಲ; ಕೆಸು, ಸುವರ್ಣಗಡ್ಡೆಗಳ ಕುಟುಂಬಕ್ಕೆ ಸೇರಿದ ಸಸ್ಯ. ಇದರ ತವರು ಅಮೆರಿಕ ಖಂಡದ ಉಷ್ಣವಲಯದ ಮಳೆಕಾಡು. ಅಲ್ಲಿ ಹೆಮ್ಮರಗಳ ಅಡಿಯಲ್ಲಿ ಬೆಳೆಯುವುದರಿಂದ ನೇರ ಬಿಸಿಲು ಇದಕ್ಕೆ ಒಗ್ಗದು.

ಎಲ್ಲಿಡಬೇಕು?

ಪಡಸಾಲೆಯಲ್ಲಿ ಕಿಟಕಿಯಿಂದ ಬೆಳಕು ಬರುವ, ಆದರೆ ಬಿಸಿಲು ತಾಗದ ಜಾಗ ಉತ್ತಮ. ತೀರ ಕತ್ತಲಲ್ಲಿಟ್ಟರೆ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ. ತಗಡಿನ ಮಾಡಿನ ಕೆಳಗಿನ ಕಾವೂ ಬೇಸಿಗೆಯ ಒಣಗಾಳಿಯೂ ಎಲೆಯ ಅಂಚನ್ನು ಸುಡುತ್ತವೆ. ವಿದ್ಯುತ್ ಮಗ್ಗವಿರುವ ಮನೆಗಳಲ್ಲಿ ನೂಲಿನ ಧೂಳು ಎಲೆಗಳ ಮೇಲೆ ಕೂರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಮಣ್ಣು, ನೀರು

ನಮ್ಮ ಎರೆಮಣ್ಣು ಹೊಲಕ್ಕೆ ಚೆನ್ನ, ಕುಂಡಕ್ಕಲ್ಲ. ಅದು ನೀರನ್ನು ಹಿಡಿದಿಟ್ಟು ಬೇರಿಗೆ ಗಾಳಿಯಾಡದಂತೆ ಮಾಡುತ್ತದೆ. ಮಸಾರಿ ಮಣ್ಣು, ಉಸುಕು ಮತ್ತು ಎರೆಹುಳು ಗೊಬ್ಬರವನ್ನು ಬೆರೆಸಿ, ತಳದಲ್ಲಿ ತೂತಿರುವ ಕುಂಡಕ್ಕೆ ತುಂಬಬೇಕು.

ಗಿಡ ಜೋತುಬಿದ್ದೊಡನೆ ನೀರು ಸುರಿಯುವುದು ಸಾಮಾನ್ಯ ತಪ್ಪು. ನೀರು ಕಡಿಮೆಯಾದರೂ ಎಲೆ ಬಾಗುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಬಾಗುತ್ತದೆ. ಆದ್ದರಿಂದ ಮೊದಲು ಮಣ್ಣಿನಲ್ಲಿ ಒಂದಂಗುಲ ಬೆರಳಿಟ್ಟು ನೋಡಿ. ಒಣಗಿದ್ದರೆ ಮಾತ್ರ ನೀರು ಹಾಕಿ. ಹಸಿಯಿದ್ದೂ ಗಿಡ ಬಾಡಿದ್ದರೆ ಕುಂಡದಿಂದ ಬಿಡಿಸಿ, ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಿ. ಇದರ ರಸ ಚರ್ಮಕ್ಕೆ ತುರಿಕೆ ತರಬಹುದು. ಕೈಗವಸು ಹಾಕಿಕೊಂಡು, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಸವಳು ನೀರಿನಿಂದ ಎಲೆಯ ತುದಿ ಕಂದಾಗುತ್ತದೆ. ಅಂಥ ಕೊಳವೆಬಾವಿ ನೀರಿಗಿಂತ ಹಿಡಿದಿಟ್ಟ ಮಳೆನೀರು ಲೇಸು.

ಕುಂಡದ ತಟ್ಟೆಯಲ್ಲಿ ನಿಂತ ನೀರು ಗಿಡಕ್ಕೂ ಕೆಡುಕು, ನಮಗೂ ಕೆಡುಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಸ್ವಚ್ಛ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿಕೊಂಡು, ನೀರು ಆರಿದ ಮೇಲೂ ತಿಂಗಳುಗಟ್ಟಲೆ ಉಳಿಯಬಲ್ಲದು. ಹೀಗಾಗಿ ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ತಟ್ಟೆಯನ್ನು ತಿಕ್ಕಿ ತೊಳೆದು ಒಣಗಿಸಬೇಕು.

ಮಗು ಎಲೆ ಅಗಿದರೆ

ಈ ಗಿಡದ ಎಲ್ಲ ಭಾಗಗಳಲ್ಲೂ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಹಸಿ ಕೆಸು, ಸುವರ್ಣಗಡ್ಡೆ ಬಾಯಿ ತುರಿಸುವುದೂ ಇಂಥ ಹರಳುಗಳಿಂದಲೇ. ಎಲೆ ಅಗಿದ ಮಗುವಿಗೆ ತುಟಿ, ನಾಲಿಗೆ ಉರಿಯುತ್ತವೆ, ಜೊಲ್ಲು ಸುರಿಯುತ್ತದೆ, ಕೆಲವೊಮ್ಮೆ ಬಾವು ಬರುತ್ತದೆ. ಪ್ರಾಣಾಪಾಯ ಅಪರೂಪ, ಗಾಬರಿ ಬೇಡ, ಉಪೇಕ್ಷೆಯೂ ಬೇಡ.

ಬಾಯಲ್ಲಿ ಉಳಿದ ಚೂರುಗಳನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ. ನುಂಗಲು ಸಾಧ್ಯವಿದ್ದರೆ ತಣ್ಣನೆಯ ನೀರು ಅಥವಾ ಹಾಲನ್ನು ಸ್ವಲ್ಪ ಸ್ವಲ್ಪವೇ ಕುಡಿಸಿ. ಬಲವಂತದಿಂದ ವಾಂತಿ ಮಾಡಿಸಕೂಡದು. ರಸ ಕಣ್ಣಿಗೆ ಸಿಡಿದರೆ 15 ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ನಾಲಿಗೆ ಊದಿಕೊಂಡರೆ, ಧ್ವನಿ ಒಡೆದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಜೊತೆಗೆ ಒಂದು ಎಲೆಯನ್ನೂ ಕೊಂಡೊಯ್ದರೆ ವೈದ್ಯರಿಗೆ ಗುರುತಿಸಲು ಅನುಕೂಲ.

ಗಾಳಿ ಶುದ್ಧವಾಗುವುದೇ?

ಪೀಸ್ ಲಿಲಿ ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತದೆ ಎಂಬ ನಂಬಿಕೆಗೆ ಮೂಲ, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ 1989ರ ಅಧ್ಯಯನ. ಅದು ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ. ಪರೀಕ್ಷಿಸಿದ್ದು ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಅನಿಲಗಳನ್ನು. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಅಮೆರಿಕದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡಗಳು ಬೇಕು! ಮಗ್ಗದ ಧೂಳಿಗಾಗಲಿ, ಒಲೆಯ ಹೊಗೆಗಾಗಲಿ ಒಂದು ಕುಂಡ ಮದ್ದಲ್ಲ. ಕಿಟಕಿ ತೆರೆದಿಡುವುದು, ಧೂಳಿನಲ್ಲಿ ದುಡಿಯುವಾಗ ಮೂಗು-ಬಾಯಿಗೆ ಸರಿಯಾದ ಮಾಸ್ಕ್ ಧರಿಸುವುದು, ಕೆಮ್ಮು-ಉಬ್ಬಸ ಬಿಡದಿದ್ದರೆ ವೈದ್ಯರನ್ನು ಕಾಣುವುದು ಸರಿಯಾದ ದಾರಿ.

ಕಣ್ಣಿಗೆ ತಂಪು, ಮನಸ್ಸಿಗೆ ಹಿತ: ಪೀಸ್ ಲಿಲಿಯಿಂದ ಇಷ್ಟನ್ನು ಬಯಸಿದರೆ ನಿರಾಸೆಯಿಲ್ಲ. ಕುಂಡ ಮಾತ್ರ ಮಗುವಿನ ಕೈಗೆ ಎಟುಕದ ಎತ್ತರದಲ್ಲಿರಲಿ.