ಸಿನಿಮಾ ಬಂದರೆ ಸಾಲದು, ಕೀಲಿಯೂ ಬರಬೇಕು

ವಿರೂಪಾಕ್ಷಿಪುರ ಹೋಬಳಿಯವರು ಹೊಸ ಸಿನಿಮಾವನ್ನು ದೊಡ್ಡ ಪರದೆಯ ಮೇಲೆ ನೋಡಬೇಕೆಂದರೆ ಚನ್ನಪಟ್ಟಣಕ್ಕೋ ರಾಮನಗರಕ್ಕೋ ಹೋಗಬೇಕು. ಒಂದು ಕಾಲಕ್ಕೆ ಇಂಥ ಊರುಗಳ ಟಾಕೀಸುಗಳಿಗೆ ಬೆಂಗಳೂರಿನ ಗಾಂಧಿನಗರದಿಂದ ರೀಲಿನ ಡಬ್ಬ ಬರುತ್ತಿತ್ತು. ಡಬ್ಬ ಬಂತೆಂದರೆ ಆಟ ಶುರು. ಈಗ ಹಾರ್ಡ್ ಡಿಸ್ಕ್ ಬರುತ್ತದೆ, ಇಲ್ಲವೇ ಉಪಗ್ರಹದ ಮೂಲಕ ಸಿನಿಮಾ ಸೀದಾ ಟಾಕೀಸಿನ ಸರ್ವರ್‌ಗೆ ಇಳಿಯುತ್ತದೆ. ಅಷ್ಟಾದರೂ ಆಟ ಶುರುವಾಗುವುದಿಲ್ಲ. ಸಿನಿಮಾಕ್ಕೆ ಬೀಗ ಹಾಕಿರುತ್ತಾರೆ, ಕೀಲಿ ಬೇರೆಯಾಗಿ ಬರಬೇಕು.

ಉದ್ಯಮದವರು ಈ ಕೀಲಿಯನ್ನು ಕೆಡಿಎಂ ಎನ್ನುತ್ತಾರೆ. ಇಮೇಲ್‌ನಲ್ಲಿ ಕಳಿಸಬಹುದಾದಷ್ಟು ಪುಟ್ಟ ಫೈಲ್. ಚಿತ್ರವನ್ನೂ ಧ್ವನಿಯನ್ನೂ ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಯನ್ನು ಆಯಾ ಸರ್ವರ್‌ಗೆಂದೇ ತಯಾರಿಸುತ್ತಾರೆ. ಚನ್ನಪಟ್ಟಣದ ಕೀಲಿ ಮಾಗಡಿಯಲ್ಲಿ ನಡೆಯದು. ಯಾವ ದಿನ, ಯಾವ ಗಂಟೆಯಿಂದ ಯಾವ ಗಂಟೆವರೆಗೆ ಎಂಬುದೂ ಅದರೊಳಗೇ ಇರುತ್ತದೆ. ಅವಧಿ ಮುಗಿದ ಮೇಲೆ ಆಪರೇಟರ್ ತಿಪ್ಪರಲಾಗ ಹಾಕಿದರೂ ಚಿತ್ರ ಮೂಡದು. ಬಿಡುಗಡೆಯ ದಿನ ಬೆಳಗಿನ ಷೋ ‘ಕೀ ಬಂದಿಲ್ಲ’ ಎಂದು ತಡವಾಗುವುದುಂಟು. ಎಷ್ಟೋ ಸಲ ಅದಕ್ಕೆ ಕಾರಣ ಯಂತ್ರವಲ್ಲ, ನಿರ್ಮಾಪಕರ ಬಾಕಿ ಲೆಕ್ಕ. ಕಳ್ಳರಿಗೆಂದು ಮಾಡಿಸಿದ ಬೀಗ ಸಾಲ ವಸೂಲಿಗೂ ಒದಗಿತು!

ಬೀಗದ ಜೊತೆಗೆ ಗುಟ್ಟಿನ ಗುರುತೂ ಉಂಟು. ಹಾಲಿವುಡ್ ಸ್ಟುಡಿಯೋಗಳು 2005ರಲ್ಲಿ ಹೊರತಂದ, ಡಿಸಿಐ ಎಂಬ ಡಿಜಿಟಲ್ ಸಿನಿಮಾ ನಿಯಮಗಳ ಪ್ರಕಾರ, ಓಡುವ ಸಿನಿಮಾದ ಪ್ರತಿ ಐದು ನಿಮಿಷದ ತುಣುಕಿನಲ್ಲೂ ಸ್ಥಳ ಮತ್ತು ಸಮಯದ ಗುರುತು ಅಡಗಿರಬೇಕು. ಪ್ರೇಕ್ಷಕರಿಗೆ ಅದು ಕಾಣದು, ಕೇಳದು. ಯಾರೋ ಮೊಬೈಲ್ ಹಿಡಿದು ಕದ್ದು ಚಿತ್ರಿಸಿ ಟೆಲಿಗ್ರಾಂಗೆ ಹಾಕಿದರೆ, ಆ ಪ್ರತಿಯನ್ನು ಪರೀಕ್ಷಿಸಿ ಯಾವ ಟಾಕೀಸು, ಯಾವ ಆಟ ಎಂದು ಹೇಳಬಹುದು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯಂತೆ ಹೀಗೆ ಚಿತ್ರಿಸಿದವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ಕರ್ನಾಟಕ ಇನ್ನೂ ಮುಂದೆ ಹೋಗಿದೆ: 2014ರಲ್ಲಿ ಗೂಂಡಾ ಕಾಯ್ದೆಗೆ ‘ಡಿಜಿಟಲ್ ಅಪರಾಧಿ’ಗಳನ್ನೂ ಸೇರಿಸಿತು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅವಕಾಶವಿರುವ ಕಾಯ್ದೆಯಿದು. ಹಾಡು ನಕಲು ಮಾಡಿದವನನ್ನೂ ಆ್ಯಸಿಡ್ ಎರಚಿದವನನ್ನೂ ಒಂದೇ ಪಟ್ಟಿಗೆ ಹಾಕಿದ್ದು ಅತಿಯಾಯಿತು.

ಮನೆಯಲ್ಲೂ ಬೀಗ ತಪ್ಪಿದ್ದಲ್ಲ. ಒಟಿಟಿ ಆ್ಯಪ್‌ನಲ್ಲಿ ಸಿನಿಮಾ ಓಡುವಾಗ ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು ಬರುತ್ತದಲ್ಲ, ಅದು ಇಂಥದ್ದೇ ಬೀಗದ ಕೆಲಸ. ‘ಡೌನ್‌ಲೋಡ್’ ಮಾಡಿಟ್ಟದ್ದೂ ಕೆಲವು ದಿನಗಳಲ್ಲಿ ಮಾಯ. ‘ಕಾಂತಾರ’ 2022ರ ನವೆಂಬರ್ 24ರಂದು ಪ್ರೈಮ್‌ಗೆ ಬಂದಾಗ ‘ವರಾಹ ರೂಪಂ’ ಹಾಡು ಟಾಕೀಸಿನಲ್ಲಿ ಕೇಳಿದಂತಿರಲಿಲ್ಲ. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತನ್ನ ‘ನವರಸಂ’ ಹಾಡನ್ನು ನಕಲು ಮಾಡಲಾಗಿದೆಯೆಂದು ನ್ಯಾಯಾಲಯಕ್ಕೆ ಹೋಗಿತ್ತು, ತಡೆಯಾಜ್ಞೆ ಬಂದಿತ್ತು. ಹಳೆಯ ಹಾಡು ಆಮೇಲೆ ಮರಳಿತು. ದುಡ್ಡು ಕೊಟ್ಟ ಪ್ರೇಕ್ಷಕರ ಬಳಿ ಇದ್ದದ್ದು ನೋಡುವ ಅನುಮತಿ ಮಾತ್ರ. ಅದರೊಳಗಿನ ಸರಕು ಯಾವಾಗ ಬೇಕಾದರೂ ಬದಲಾಗಬಹುದು. ಕ್ಯಾಸೆಟ್ ಕೊಂಡವರಿಗೆ ಈ ಭಯವಿರಲಿಲ್ಲ.

ಬೀಗ ಮುರಿಯುವುದು ಅಪರಾಧವೇ? 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಂ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದಿದ್ದರೆ ಮಾತ್ರ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಅಡ್ಡಿಯಿಲ್ಲ. ಅಂಧರಿಗೆ ಓದಿ ಹೇಳುವ ರೂಪಕ್ಕೆ ಪುಸ್ತಕವನ್ನು ಮಾರ್ಪಡಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಬೀಗ ಮುರಿಯುವುದರ ಬಗ್ಗೆ ಅಮೆರಿಕ 1998ರಲ್ಲಿ ಮಾಡಿದ ಕಾನೂನಿಗಿಂತ ನಮ್ಮದು ಹದವಾಗಿದೆ.

ಇಷ್ಟಾಗಿಯೂ ಒಂದು ತೊಡಕು ಉಳಿಯುತ್ತದೆ. ಹಕ್ಕಿಗೆ ಕೊನೆಯಿದೆ, ಬೀಗಕ್ಕಿಲ್ಲ. ನಮ್ಮಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ರಾಮನಗರದ ಬೆಟ್ಟಗಳ ನಡುವೆ ಚಿತ್ರೀಕರಿಸಿ 1975ರಲ್ಲಿ ತೆರೆಗೆ ಬಂದ ‘ಶೋಲೆ’ ಚಿತ್ರದ ಹಕ್ಕು 2035ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅದರ ರೀಲು ಉಳಿದಿದೆ, ತೋರಿಸಬಹುದು. ‘ಕಾಂತಾರ’ದ ಹಕ್ಕು ಮುಗಿಯುವುದು 2082ಕ್ಕೆ. ಅಷ್ಟರಲ್ಲಿ ಟಾಕೀಸಿನ ಸರ್ವರ್‌ಗಳು ಗುಜರಿ ಸೇರಿರುತ್ತವೆ, ಕೀಲಿ ಕೊಡುವ ಕಂಪನಿ ಇರುತ್ತದೆಂಬ ಖಾತರಿಯಿಲ್ಲ. ಕನ್ನಡ ನಿರ್ಮಾಪಕರು ಬೀಗವಿಲ್ಲದ ಒಂದು ಪ್ರತಿಯನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಈಗಲೇ ಒಪ್ಪಿಸಲಿ.