ಸಣ್ಣ ಕರುಳಿನ ಕತ್ತಲೆಗೆ ಕ್ಯಾಮೆರಾ

ಸಣ್ಣ ಕರುಳು ಹೆಸರಿಗೆ ಮಾತ್ರ ಸಣ್ಣದು. ಅದರ ಉದ್ದ ಸುಮಾರು 6 ಮೀಟರ್. ದೊಡ್ಡ ಕರುಳಿನದು ಒಂದೂವರೆ. ಅಗಲ ನೋಡಿ ಇಟ್ಟ ಹೆಸರದು! ಆದರೂ ಪಚನಾಂಗಗಳ ಕ್ಯಾನ್ಸರುಗಳಲ್ಲಿ ಇದರ ಪಾಲು ಶೇ. 5ಕ್ಕಿಂತ ಕಡಿಮೆ.

ಅಪರೂಪವಾದ್ದರಿಂದಲೇ ಯಾರಿಗೂ ಸಂಶಯ ಬರುವುದಿಲ್ಲ. ಬಂದು ಹೋಗುವ ಹೊಟ್ಟೆನೋವು, ಇಳಿಯುವ ತೂಕ, ಕಣ್ಣಿಗೆ ಕಾಣದಷ್ಟು ರಕ್ತ ಒಸರಿ ಉಂಟಾಗುವ ರಕ್ತಹೀನತೆ - ಇದನ್ನೆಲ್ಲ 'ಗ್ಯಾಸ್ಟ್ರಿಕ್' ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಕಬ್ಬಿಣದ ಮಾತ್ರೆ ರಕ್ತವನ್ನು ಕೊಂಚ ಏರಿಸೀತು. ಸೋರುವ ಜಾಗವನ್ನು ಹುಡುಕಿಕೊಡದು.

ಹುಡುಕುವುದೂ ಸುಲಭವಲ್ಲ. ಬಾಯಿಂದ ಇಳಿಸುವ ಸಾಮಾನ್ಯ ಎಂಡೋಸ್ಕೋಪ್ ಸಣ್ಣ ಕರುಳಿನ ಆರಂಭವನ್ನಷ್ಟೇ ತೋರಿಸುತ್ತದೆ. ಗುದದ್ವಾರದಿಂದ ಕಳಿಸುವ ಕೊಲೊನೋಸ್ಕೋಪಿಗೆ ಕೊನೆಯ ತುಣುಕಷ್ಟೇ ಕಾಣುತ್ತದೆ. ನಡುವಿನದೆಲ್ಲ ಕತ್ತಲು. ಇಸ್ರೇಲಿನ ಎಂಜಿನಿಯರ್ ಗವ್ರಿಯಲ್ ಇಡ್ಡಾನ್ ಕಲ್ಪಿಸಿದ ಕ್ಯಾಮೆರಾ ಗುಳಿಗೆ 2001ರಲ್ಲಿ ಬಳಕೆಗೆ ಬಂತು. ನುಂಗಿದರೆ ಸುಮಾರು 8 ಗಂಟೆ ಚಿತ್ರ ತೆಗೆದು, ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಗೆ ರೇಡಿಯೋ ಮೂಲಕ ಕಳಿಸುತ್ತದೆ. ಕೊನೆಗೆ ಮಲದೊಂದಿಗೆ ಹೊರಬೀಳುತ್ತದೆ. ಕರುಳು ಕಿರಿದಾಗಿದ್ದರೆ ಸಿಕ್ಕಿಕೊಳ್ಳುವುದೂ ಉಂಟು. ಅಂಥ ಅನುಮಾನವಿದ್ದಲ್ಲಿ ಮೊದಲು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ.

ಗುಳಿಗೆ ನೋಡಬಲ್ಲದು, ಪರೀಕ್ಷೆಗೆ ಚೂರು ಕತ್ತರಿಸಲಾರದು. ಅದಕ್ಕೆ ಜಪಾನಿನ ವೈದ್ಯ ಹಿರೊನೊರಿ ಯಮಾಮೊಟೊ ರೂಪಿಸಿದ ಎರಡು ಬಲೂನುಗಳ ಎಂಡೋಸ್ಕೋಪ್ ಬೇಕು. ಪಾಯಜಾಮಕ್ಕೆ ಲಾಡಿ ಪೋಣಿಸುವಾಗ ಬಟ್ಟೆ ನೆರಿಗೆಗಟ್ಟುವುದಿಲ್ಲವೆ? ಹಾಗೆಯೇ ಇದು ಕರುಳನ್ನು ನೆರಿಗೆ ಮಾಡಿಕೊಳ್ಳುತ್ತ ಮುಂದೆ ಸರಿಯುತ್ತದೆ.

ಆ ಚೂರೇ ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ಕರುಳಿನ ಒಳಪದರದ ಕ್ಯಾನ್ಸರಾದರೆ ಆ ಭಾಗವನ್ನು ದುಗ್ಧಗ್ರಂಥಿಗಳ ಸಮೇತ ತೆಗೆದು ತುದಿಗಳನ್ನು ಜೋಡಿಸುತ್ತಾರೆ, ಹರಡಿದ್ದರೆ ಕೀಮೋಥೆರಪಿ. 'ಜಿಸ್ಟ್' ಎಂಬ ಜಾತಿಯ ಗಡ್ಡೆ ಹರಡಿದ್ದರೂ ಇಮಾಟಿನಿಬ್ ಮಾತ್ರೆ ಅನೇಕರಲ್ಲಿ ವರ್ಷಗಟ್ಟಲೆ ಹತೋಟಿಯಲ್ಲಿಡುತ್ತದೆ.