ಹದಿಹರೆಯದ ಮಕ್ಕಳೊಡನೆ ಯುರೋಪ್ ಪ್ರವಾಸ: ನಗರದ ಆಯ್ಕೆ ಹೇಗೆ?

ಹೊಸ ಯಂತ್ರವೊಂದನ್ನು ಕೊಳ್ಳುವ ಮುನ್ನ ಸಣ್ಣ ಕೈಗಾರಿಕೋದ್ಯಮಿಗಳು ಮೂರು ಕಡೆಯಿಂದ ದರಪಟ್ಟಿ ತರಿಸುತ್ತಾರೆ. ಅದೇ ಯಂತ್ರವನ್ನು ಈಗಾಗಲೇ ಬಳಸುತ್ತಿರುವವರನ್ನು ವಿಚಾರಿಸುತ್ತಾರೆ. ಅದನ್ನು ದಿನವೂ ನಡೆಸಬೇಕಾದ ಕೆಲಸಗಾರನ ಅಭಿಪ್ರಾಯವನ್ನೂ ಕೇಳುತ್ತಾರೆ. ಆದರೆ ಕುಟುಂಬದ ವಿದೇಶ ಪ್ರವಾಸಕ್ಕೆ ಅಷ್ಟೇ ದೊಡ್ಡ ಮೊತ್ತ ವ್ಯಯವಾಗುವಾಗ, ಅದೇ ಉದ್ಯಮಿಗಳು ಬಣ್ಣದ ಕರಪತ್ರವೊಂದನ್ನು ನೋಡಿ ಅರ್ಧ ಗಂಟೆಯಲ್ಲಿ ತೀರ್ಮಾನಕ್ಕೆ ಬರುವುದುಂಟು. ಹತ್ತು ದಿನಗಳಲ್ಲಿ ಆರು ದೇಶ, ಪ್ರತಿದಿನ ಗಂಟೆಗಟ್ಟಲೆ ಬಸ್ಸಿನ ಪ್ರಯಾಣ, ಬೆಳಿಗ್ಗೆ ಆರಕ್ಕೆ ಎದ್ದು ಪೆಟ್ಟಿಗೆ ಕಟ್ಟುವ ಅವಸರ. ಇದರ ನಡುವೆ ಹದಿನೈದು ವರ್ಷದ ಮಗ ಕಿಟಕಿಯ ಹೊರಗೆ ನೋಡದೆ ಮೊಬೈಲಿನಲ್ಲಿ ಮುಳುಗಿರುತ್ತಾನೆ.

ಈ ನಷ್ಟ ಹಣದ್ದು ಮಾತ್ರವಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದರೆ ರಾತ್ರಿಯವರೆಗೆ ಬಿಡುವಿಲ್ಲದ ವರ್ತಕರಿಗೆ ಮಕ್ಕಳೊಡನೆ ಒಂದು ವಾರ ಒಟ್ಟಿಗೆ ಕಳೆಯುವ ಅವಕಾಶ ವಿರಳ. ಎಸ್.ಎಸ್.ಎಲ್.ಸಿ. ಮುಗಿಯಿತೆನ್ನುವಷ್ಟರಲ್ಲಿ ಪಿ.ಯು.ಸಿ. ಬರುತ್ತದೆ, ಅನಂತರ ಮಕ್ಕಳು ಕಾಲೇಜಿಗೆಂದು ಬೇರೆ ಊರು ಸೇರುತ್ತಾರೆ. ಮನೆಯವರೆಲ್ಲರೂ ಜೊತೆಯಾಗಿ ಹೊರಡಬಹುದಾದ ವರ್ಷಗಳು ನಾಲ್ಕೋ ಐದೋ ಮಾತ್ರ. ಆದ್ದರಿಂದ ಎಷ್ಟು ದೇಶಗಳನ್ನು ನೋಡಬಹುದು ಎಂಬುದಕ್ಕಿಂತ, ಯಾವ ಒಂದು ನಗರದಲ್ಲಿ ತಂದೆ, ತಾಯಿ, ಮಕ್ಕಳು ಎಲ್ಲರಿಗೂ ನೋಡಲು, ಮಾಡಲು ಏನಾದರೂ ಇದೆ ಎಂಬುದೇ ಮುಖ್ಯ ಪ್ರಶ್ನೆ.

ಒಂದೇ ನಗರ ಏಕೆ?

ಒಂದು ವಾರದ ಬಿಡುವಿನಲ್ಲಿ ಹೋಗಿಬರುವ ದಿನಗಳನ್ನು ಕಳೆದರೆ ಕೈಗೆ ಸಿಗುವುದು ಐದು ಪೂರ್ಣ ದಿನಗಳು. ಊರು ಬದಲಾಯಿಸಿದ ಪ್ರತಿ ಸಲವೂ ಹೋಟೆಲ್ ಬಿಡುವುದು, ರೈಲು ಹಿಡಿಯುವುದು, ಮತ್ತೊಂದು ಹೋಟೆಲ್ ಸೇರುವುದರಲ್ಲಿ ಅರ್ಧ ದಿನ ವ್ಯರ್ಥವಾಗುತ್ತದೆ. ಒಂದೇ ಕಡೆ ತಂಗಿದರೆ ಎರಡನೆಯ ದಿನಕ್ಕೆ ಮಕ್ಕಳು ಮೆಟ್ರೋ ನಕ್ಷೆಯನ್ನು ಕಲಿತಿರುತ್ತಾರೆ. ಮೂರನೆಯ ದಿನಕ್ಕೆ ದಾರಿ ತೋರಿಸುವ ಹೊಣೆಯನ್ನು ಅವರಿಗೇ ಒಪ್ಪಿಸಬಹುದು. ಹದಿಹರೆಯದವರಿಗೆ ಬೇಕಾದುದು ಈ ಸ್ವಾತಂತ್ರ್ಯವೇ ಹೊರತು ಇನ್ನೊಂದು ಅರಮನೆಯಲ್ಲ.

ನೇರ ವಿಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನಿಂದ ಪ್ಯಾರಿಸ್, ಮ್ಯೂನಿಕ್, ಫ್ರಾಂಕ್‌ಫರ್ಟ್, ಆಮ್ಸ್ಟರ್‌ಡ್ಯಾಮ್ ಮತ್ತು ಲಂಡನ್‌ಗೆ ನೇರ ಸೇವೆಗಳಿವೆ. ವಿಯೆನ್ನಾಕ್ಕೆ ನಡುವೆ ಒಂದು ಕಡೆ ವಿಮಾನ ಬದಲಿಸಬೇಕಾಗುತ್ತದೆ.

ಹನ್ನೆರಡು ತುಂಬಿದವರ ಲೆಕ್ಕ

ಹದಿಹರೆಯದ ಮಕ್ಕಳ ಪ್ರವಾಸದ ಅಂದಾಜು ಪಟ್ಟಿಯಲ್ಲಿ ಒಂದು ವಿಚಿತ್ರವಿದೆ. ವಿಮಾನ ಸಂಸ್ಥೆಗಳ ಪಾಲಿಗೆ 12 ವರ್ಷ ತುಂಬಿದವರು ವಯಸ್ಕರು. ಅವರಿಗೆ ಪೂರ್ಣ ದರ. ಷೆಂಗೆನ್ ವೀಸಾ ಶುಲ್ಕದಲ್ಲಿಯೂ ಹಾಗೆಯೇ. 2024ರ ಜೂನ್ 11ರಿಂದ ಜಾರಿಗೆ ಬಂದ ದರದಂತೆ 12 ತುಂಬಿದವರಿಗೆ 90 ಯೂರೋ, 6ರಿಂದ 12ರ ಒಳಗಿನವರಿಗೆ 45 ಯೂರೋ. ಬೆರಳಚ್ಚು ಕೊಡಬೇಕಾದ ವಯಸ್ಸೂ ಹನ್ನೆರಡೇ.

ಆದರೆ ವಸ್ತುಸಂಗ್ರಹಾಲಯದ ಬಾಗಿಲಿನಲ್ಲಿ ಅದೇ ಮಗ ಪುನಃ ಮಗುವಾಗುತ್ತಾನೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ 18ರೊಳಗಿನವರಿಗೆ, ಯಾವ ದೇಶದವರೇ ಆಗಿರಲಿ, ಪ್ರವೇಶ ಉಚಿತ. ಯುರೋಪಿಯನ್ ಆರ್ಥಿಕ ವಲಯದ ಹೊರಗಿನಿಂದ ಬರುವ ವಯಸ್ಕರಿಗೆ 2026ರ ಜನವರಿಯಿಂದ 32 ಯೂರೋ ನಿಗದಿಯಾಯಿತು. ಅಂದರೆ ಇಬ್ಬರು ಮಕ್ಕಳಿರುವ ಕುಟುಂಬ ತೆರಬೇಕಾದುದು 128 ಯೂರೋ ಅಲ್ಲ, 64 ಮಾತ್ರ. ಆಸ್ಟ್ರಿಯಾದ ರಾಷ್ಟ್ರೀಯ ಸಂಗ್ರಹಾಲಯಗಳು 2010ರಿಂದ 19ರೊಳಗಿನವರಿಗೆ ಉಚಿತ ಪ್ರವೇಶ ನೀಡುತ್ತಿವೆ. ಆದ್ದರಿಂದ ಹಿರಿಯ ಮಗಳಿಗೆ ಹದಿನೆಂಟು ತುಂಬಿದ್ದರೆ ಲೂವ್ರ್‌ನಲ್ಲಿ ಆಕೆಗೆ ಪೂರ್ಣ ದರ, ವಿಯೆನ್ನಾದಲ್ಲಿ ಉಚಿತ. ಮಕ್ಕಳ ಜನ್ಮದಿನಾಂಕವನ್ನು ಎದುರಿಗಿಟ್ಟುಕೊಂಡೇ ನಗರಗಳನ್ನು ಹೋಲಿಸಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪಾಸ್‌ಪೋರ್ಟ್ ತೋರಿಸಿ ವಯಸ್ಸನ್ನು ರುಜುವಾತುಪಡಿಸಬೇಕಾಗುವುದರಿಂದ ಅದರ ಪ್ರತಿ ಜೊತೆಯಲ್ಲಿರಲಿ.

ವಸತಿಯ ವಿಷಯದಲ್ಲಿ, ಯುರೋಪಿನ ಹಳೆಯ ನಗರಗಳ ಹೋಟೆಲ್ ಕೋಣೆಗಳು ಚಿಕ್ಕವು. ಬೆಳೆದ ಇಬ್ಬರು ಮಕ್ಕಳಿಗೆ ಪ್ರತ್ಯೇಕ ಕೋಣೆ ಅನಿವಾರ್ಯವಾಗುತ್ತದೆ. ಅಡುಗೆಮನೆಯಿರುವ ಎರಡು ಕೋಣೆಗಳ ಮನೆಯನ್ನು ಬಾಡಿಗೆಗೆ ಹಿಡಿದರೆ ಸಸ್ಯಾಹಾರದ ಚಿಂತೆಯೂ ಅರ್ಧ ಕಡಿಮೆಯಾಗುತ್ತದೆ.

ನಾಲ್ಕು ನಗರಗಳ ಹೋಲಿಕೆ

ಪ್ಯಾರಿಸ್: ಮೊದಲ ಬಾರಿಗೆ ಹೋಗುವವರ ಸಹಜ ಆಯ್ಕೆ. 1889ರ ವಿಶ್ವ ವಸ್ತುಪ್ರದರ್ಶನಕ್ಕೆಂದು ನಿರ್ಮಿಸಿದ ಐಫೆಲ್ ಗೋಪುರವು ಇಂದು 330 ಮೀಟರ್ ಎತ್ತರವಿದೆ. ಲಿಫ್ಟಿನ ಸಾಲನ್ನು ಬಿಟ್ಟು ಎರಡನೆಯ ಅಂತಸ್ತಿನವರೆಗಿನ 674 ಮೆಟ್ಟಿಲುಗಳನ್ನು ಹತ್ತುವುದು ಮಕ್ಕಳಿಗೆ ಉತ್ಸಾಹ ತರುವ ಮತ್ತು ಅಗ್ಗವಾದ ದಾರಿ. ಲಾ ವಿಲೆಟ್‌ನಲ್ಲಿ 1986ರಲ್ಲಿ ಆರಂಭವಾದ ವಿಜ್ಞಾನ ಮತ್ತು ಕೈಗಾರಿಕಾ ಕೇಂದ್ರವಿದೆ. 2019ರ ಬೆಂಕಿಯಲ್ಲಿ ಹಾನಿಗೊಂಡು 2024ರ ಡಿಸೆಂಬರ್‌ನಲ್ಲಿ ಪುನಃ ತೆರೆದ ನೋತ್ರ್ ದಾಮ್ ದೇವಾಲಯಕ್ಕೆ ಪ್ರವೇಶ ಉಚಿತ. ಲಾ ಶಾಪೆಲ್ ಬಡಾವಣೆಯ ತಮಿಳು ಹೋಟೆಲುಗಳಲ್ಲಿ ದೋಸೆ, ಇಡ್ಲಿ ದೊರೆಯುತ್ತವೆ. ಲೂವ್ರ್‌ಗೆ ಮಂಗಳವಾರ, ಓರ್ಸೆ ಸಂಗ್ರಹಾಲಯಕ್ಕೆ ಸೋಮವಾರ ರಜೆ ಎಂಬುದನ್ನು ನೆನಪಿಡಬೇಕು. ಜನಜಂಗುಳಿ ಮತ್ತು ಜೇಬುಗಳ್ಳರು ಈ ನಗರದ ದೋಷಗಳು.

ಮ್ಯೂನಿಕ್: ಯಂತ್ರ, ವಾಹನ, ಕಾಲ್ಚೆಂಡಿನಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ನಗರ ಸಿಗುವುದು ಕಷ್ಟ. 1903ರಲ್ಲಿ ಓಸ್ಕರ್ ಫಾನ್ ಮಿಲ್ಲರ್ ಸ್ಥಾಪಿಸಿದ ಡಾಯ್ಚಸ್ ಮ್ಯೂಸಿಯಂ ಇಸಾರ್ ನದಿಯ ದ್ವೀಪವೊಂದರಲ್ಲಿದೆ. ದೀರ್ಘಕಾಲದ ನವೀಕರಣದ ಬಳಿಕ ಅದರ ಒಂದು ಭಾಗ 2022ರಲ್ಲಿ ಮತ್ತೆ ತೆರೆಯಿತು. ಬಿ.ಎಂ.ಡಬ್ಲ್ಯು. ಕಂಪನಿಯ ಪ್ರದರ್ಶನ ಭವನಕ್ಕೆ ಪ್ರವೇಶ ಉಚಿತ. ಸಮೀಪದ ಡಾಖೌನಲ್ಲಿ ನಾಜಿಗಳು 1933ರಲ್ಲಿ ತೆರೆದ ಬಂದೀಖಾನೆಯ ಸ್ಮಾರಕವಿದೆ. ಇತಿಹಾಸವನ್ನು ಪಠ್ಯಪುಸ್ತಕದಲ್ಲಿ ಮಾತ್ರ ಓದಿದ ಹದಿನಾರರ ಹುಡುಗ ಅಥವಾ ಹುಡುಗಿಯ ಮನಸ್ಸಿನಲ್ಲಿ ಉಳಿಯುವ ಸ್ಥಳವದು. ತೀರ ಚಿಕ್ಕ ಮಕ್ಕಳಿಗೆ ಅದು ಸೂಕ್ತವಲ್ಲ. ನಗರ ಸಾರಿಗೆಯಲ್ಲಿ ಐವರು ವಯಸ್ಕರವರೆಗೆ ಒಟ್ಟಿಗೆ ಬಳಸಬಹುದಾದ ದಿನದ ಗುಂಪು ಟಿಕೇಟು ಲಭ್ಯ. ನಾಲ್ವರ ಕುಟುಂಬಕ್ಕೆ ಒಂದೇ ಸಾಕು. ಬವೇರಿಯಾದ ಸಾಂಪ್ರದಾಯಿಕ ಬಿಯರ್ ಉದ್ಯಾನಗಳಲ್ಲಿ ಸ್ವಯಂಸೇವೆಯ ಮೇಜುಗಳಿಗೆ ಮನೆಯಿಂದ ಊಟ ತರಲು ಅನುಮತಿಯಿದೆ, ಪಾನೀಯವನ್ನಷ್ಟೇ ಅಲ್ಲಿ ಕೊಳ್ಳಬೇಕು. ಹಣ್ಣಿನ ರಸವನ್ನು ತೆಗೆದುಕೊಂಡು ಚಪಾತಿ ಬುತ್ತಿ ಬಿಚ್ಚಿದರೆ ಯಾರೂ ಆಕ್ಷೇಪಿಸುವುದಿಲ್ಲ.

ವಿಯೆನ್ನಾ: ಶಾಂತವಾದ, ಅಚ್ಚುಕಟ್ಟಾದ ನಗರ. ಅಜ್ಜ ಅಜ್ಜಿಯರು ಜೊತೆಯಲ್ಲಿದ್ದರೂ ತೊಂದರೆಯಿಲ್ಲ. ತಾಂತ್ರಿಕ ಸಂಗ್ರಹಾಲಯ, ನಿಸರ್ಗ ಚರಿತ್ರೆಯ ಸಂಗ್ರಹಾಲಯ, ಕಲಾ ಸಂಗ್ರಹಾಲಯ ಮೂರೂ ಮಕ್ಕಳಿಗೆ ಉಚಿತ. ಪ್ರಾಟರ್ ಉದ್ಯಾನದಲ್ಲಿ 1897ರ ರಾಟೆ ತೊಟ್ಟಿಲು ಇನ್ನೂ ತಿರುಗುತ್ತಿದೆ. 1752ರಲ್ಲಿ ಆರಂಭವಾದ ಷೋನ್‌ಬ್ರುನ್ ಮೃಗಾಲಯವು ಜಗತ್ತಿನಲ್ಲಿ ಇಂದಿಗೂ ನಡೆಯುತ್ತಿರುವ ಅತ್ಯಂತ ಹಳೆಯ ಮೃಗಾಲಯ. ರೈಲಿನಲ್ಲಿ ಸುಮಾರು ಒಂದು ಗಂಟೆ ಪ್ರಯಾಣ ಮಾಡಿದರೆ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವ. ಎರಡನೆಯ ದೇಶವನ್ನು ನೋಡಿದ ತೃಪ್ತಿಯೂ ದೊರೆಯುತ್ತದೆ, ಹೋಟೆಲ್ ಬದಲಿಸುವ ಕಷ್ಟವೂ ಇಲ್ಲ.

ಆಮ್ಸ್ಟರ್‌ಡ್ಯಾಮ್: ಕಾಲುವೆಗಳ, ಸೈಕಲ್ಲುಗಳ ಈ ಊರಿನಲ್ಲಿ ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ಆನ್ ಫ್ರಾಂಕ್ ಅಡಗಿದ್ದ ಮನೆಯ ಟಿಕೇಟುಗಳು ಅಂತರ್ಜಾಲದಲ್ಲಿ ಮಾತ್ರ ಲಭ್ಯ. ಆರು ವಾರಗಳ ಬಳಿಕದ ದಿನಗಳಿಗೆ ಪ್ರತಿ ಮಂಗಳವಾರ ಬಿಡುಗಡೆಯಾಗುತ್ತವೆ. ವರ್ತಕರ ಮಕ್ಕಳು ನೋಡಲೇಬೇಕಾದುದು ಆಲ್ಸ್‌ಮೀರ್‌ನ ಹೂವಿನ ಹರಾಜು ಕೇಂದ್ರ. ಅಲ್ಲಿ ಬೆಲೆ ಮೇಲಿನಿಂದ ಕೆಳಗಿಳಿಯುತ್ತದೆ. ಮೊದಲು ಗುಂಡಿ ಒತ್ತಿದವರಿಗೆ ಸರಕು. ಬೇಗ ಒತ್ತಿದರೆ ಹೆಚ್ಚು ಬೆಲೆ, ತಡಮಾಡಿದರೆ ಸರಕೇ ಇಲ್ಲ. ಖರೀದಿದಾರರು ಈಗ ದೂರದಿಂದಲೇ ಗಣಕಯಂತ್ರದ ಮೂಲಕ ಕೊಳ್ಳುತ್ತಾರಾದರೂ, ಹೂವಿನ ಬಂಡಿಗಳು ಸಾಲುಸಾಲಾಗಿ ಸಾಗುವ ದೃಶ್ಯವನ್ನು ಬೆಳಗಿನ ಹೊತ್ತು ಮೇಲಿನ ಮೊಗಸಾಲೆಯಿಂದ ನೋಡಬಹುದು. ವಸತಿ ಮಾತ್ರ ದುಬಾರಿ. ಕೋಣೆ ಬಾಡಿಗೆಯ ಮೇಲೆ 2024ರಿಂದ ಶೇ. 12.5ರ ಪ್ರವಾಸಿ ತೆರಿಗೆ ಇದೆ. 2026ರಿಂದ ಮೌಲ್ಯವರ್ಧಿತ ತೆರಿಗೆಯೂ ಶೇ. 9ರಿಂದ 21ಕ್ಕೇರಿತು. ಕೋಣೆ ಕಾದಿರಿಸುವಾಗ ತೆರಿಗೆ ಸೇರಿದ ದರವನ್ನೇ ಕೇಳಬೇಕು.

ಲಂಡನ್ ಈ ಪಟ್ಟಿಯಲ್ಲಿಲ್ಲದಿರಲು ಕಾರಣ, ಅದಕ್ಕೆ ಷೆಂಗೆನ್ ವೀಸಾ ಸಾಲದು. ಬ್ರಿಟನ್ನಿನ ಪ್ರತ್ಯೇಕ ವೀಸಾ ಬೇಕು. ಆದರೂ ಲಂಡನ್ ಒಂದಕ್ಕೇ ಹೋಗುವುದಾದರೆ, ಅಲ್ಲಿನ ರಾಷ್ಟ್ರೀಯ ಸಂಗ್ರಹಾಲಯಗಳ ಕಾಯಂ ಪ್ರದರ್ಶನಗಳು ಎಲ್ಲ ವಯಸ್ಸಿನವರಿಗೂ ಉಚಿತ. ಥೇಮ್ಸ್ ದಡದಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯೂ ಇದೆ.

ಕಾಲ ಮತ್ತು ವಾಣಿಜ್ಯ ಮೇಳಗಳು

ಶಾಲೆಯ ಬೇಸಿಗೆ ರಜೆಯ ಮೇ ತಿಂಗಳು ಯುರೋಪಿನಲ್ಲಿ ಹಿತವಾದ ಕಾಲ. ತಿಂಗಳ ಕೊನೆಗೆ ಪ್ಯಾರಿಸ್ಸಿನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ದಸರಾ ರಜೆಯಲ್ಲಿ ಮ್ಯೂನಿಕ್‌ಗೆ ಹೋಗಬಯಸುವವರು ಎಚ್ಚರದಿಂದಿರಬೇಕು. ಸೆಪ್ಟೆಂಬರ್ ದ್ವಿತೀಯಾರ್ಧದಿಂದ ಅಕ್ಟೋಬರ್ ಮೊದಲ ವಾರದವರೆಗೆ ಅಲ್ಲಿ ಅಕ್ಟೋಬರ್‌ಫೆಸ್ಟ್ ನಡೆಯುವುದರಿಂದ ಕೋಣೆಗಳ ದರ ವಿಪರೀತ ಏರುತ್ತದೆ. ದೊಡ್ಡ ವಾಣಿಜ್ಯ ಮೇಳಗಳ ದಿನಗಳಲ್ಲಿಯೂ ಇದೇ ಸ್ಥಿತಿ. ಏಪ್ರಿಲ್‌ನಲ್ಲಿ ಹ್ಯಾನೋವರ್‌ನ ಕೈಗಾರಿಕಾ ಮೇಳವಿರುತ್ತದೆ, ಮಿಲಾನ್‌ನ ಪೀಠೋಪಕರಣ ಮೇಳವೂ ಅದೇ ತಿಂಗಳಿನಲ್ಲಿ. ಮೇಳಕ್ಕೆ ಹೋಗುವ ಉದ್ಯಮಿಗಳು ಕುಟುಂಬವನ್ನು ಮೇಳದ ಊರಿಗೆ ಕರೆಸಿಕೊಳ್ಳದೆ, ಮೇಳ ಮುಗಿದ ದಿನ ಬೇರೊಂದು ನಗರದಲ್ಲಿ ಸೇರಿಕೊಳ್ಳುವುದು ಲಾಭಕರ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಖರೀದಿಯನ್ನು ಶನಿವಾರವೇ ಮುಗಿಸಬೇಕು.

ವೀಸಾ ಸಿದ್ಧತೆ

ಹೆಚ್ಚು ದಿನ ತಂಗುವ ದೇಶದ ಕಡೆಗೇ ಅರ್ಜಿ ಹಾಕಬೇಕೆಂಬುದು ಷೆಂಗೆನ್ ನಿಯಮ. ಒಂದೇ ನಗರವಾದರೆ ಈ ಗೊಂದಲವೇ ಇಲ್ಲ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ ಹಿಡಿಯುತ್ತದೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹಿಂದಿರುಗುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಅಪ್ರಾಪ್ತರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಐದು ವರ್ಷದ ಅವಧಿ ಮಾತ್ರ. ಐದನೆಯ ತರಗತಿಯಲ್ಲಿ ಮಾಡಿಸಿದ್ದು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಹನ್ನೆರಡು ದಾಟಿದ ಮಕ್ಕಳು ಬೆರಳಚ್ಚು ಕೊಡಲು ಸ್ವತಃ ಬರಬೇಕಾಗುವುದರಿಂದ ಆ ದಿನ ಪರೀಕ್ಷೆಯಿರದಂತೆ ನೋಡಿಕೊಳ್ಳಬೇಕು. ವರ್ತಕರು ವ್ಯವಹಾರದ ನೋಂದಣಿ, ಆದಾಯ ತೆರಿಗೆ ವಿವರ, ಬ್ಯಾಂಕ್ ಖಾತೆಯ ಪಟ್ಟಿಗಳನ್ನು ಒದಗಿಸಬೇಕಾಗುತ್ತದೆ. ಅರ್ಜಿಗೆ ಸ್ವಲ್ಪ ಮುಂಚೆ ಖಾತೆಗೆ ಏಕಾಏಕಿ ದೊಡ್ಡ ಮೊತ್ತ ತುಂಬಿಸಿದರೆ ಸಂಶಯಕ್ಕೆ ಎಡೆಯಾಗುತ್ತದೆ.

2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆಂದು ರೂಪಿಸಿದ ನಿಯಮದಂತೆ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷಗಳ ಬಹುಪ್ರವೇಶ ವೀಸಾ ದೊರೆಯುವ ಅವಕಾಶವಿದೆ. ಮೇಳಗಳಿಗೆ ಹೋಗುವ ಉದ್ಯಮಿಗಳಿಗೆ ಕುಟುಂಬ ಪ್ರವಾಸದ ವೀಸಾವೂ ಈ ಲೆಕ್ಕಕ್ಕೆ ಸೇರುತ್ತದೆ.

ತೆರಿಗೆಯ ಎರಡು ಮಾತು

ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡಾಗ ಮೂಲದಲ್ಲೇ ತೆರಿಗೆ ಸಂಗ್ರಹಿಸುವ ಪದ್ಧತಿ 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದರ ದರ ಹಲವು ಬಾರಿ ಬದಲಾಗಿರುವುದರಿಂದ ಹಣ ಕಟ್ಟುವ ದಿನದ ದರವನ್ನು ಲೆಕ್ಕಪರಿಶೋಧಕರಲ್ಲಿ ಕೇಳಿ ತಿಳಿಯುವುದು ಲೇಸು. ಈ ಮೊತ್ತ ಖರ್ಚಲ್ಲ, ವಾರ್ಷಿಕ ತೆರಿಗೆಯಲ್ಲಿ ವಜಾ ಪಡೆಯಬಹುದು. ಆದರೆ ಅಲ್ಲಿಯವರೆಗೆ ದುಡಿಯುವ ಬಂಡವಾಳವೇ ಕಟ್ಟಿಬೀಳುತ್ತದೆ. ಎರಡನೆಯದಾಗಿ, ಮೇಳಕ್ಕೆ ಹೋದ ಉದ್ಯಮಿಯ ಸ್ವಂತ ಪ್ರಯಾಣ ವೆಚ್ಚವನ್ನು ವ್ಯವಹಾರದ ಲೆಕ್ಕಕ್ಕೆ ಸೇರಿಸಬಹುದೇ ಹೊರತು ಪತ್ನಿ, ಮಕ್ಕಳ ವೆಚ್ಚವನ್ನಲ್ಲ. ಬಿಲ್ಲುಗಳನ್ನು ಆರಂಭದಿಂದಲೇ ಬೇರೆ ಬೇರೆ ಇಡಬೇಕು.

ತೀರ್ಮಾನ ಯಾರದು?

ಬಜೆಟ್ಟಿನ ಮಿತಿ, ಪ್ರಯಾಣದ ದಿನಗಳು, ಸುರಕ್ಷತೆ ಇವು ಹಿರಿಯರ ನಿರ್ಧಾರ. ಆ ಮಿತಿಯೊಳಗೆ ಎರಡು ನಗರಗಳನ್ನು ಮಕ್ಕಳ ಮುಂದಿಟ್ಟು, ಒಂದೊಂದಕ್ಕೂ ಐದು ದಿನಗಳ ಯೋಜನೆ ಮತ್ತು ಖರ್ಚಿನ ಅಂದಾಜನ್ನು ಸಿದ್ಧಪಡಿಸುವಂತೆ ಅವರಿಗೇ ಹೇಳಬೇಕು. ಟಿಕೇಟು, ಸಾರಿಗೆ, ಊಟ, ತೆರಿಗೆ ಎಲ್ಲವನ್ನೂ ಕೂಡಿ ಅವರು ತರುವ ಕಾಗದದಲ್ಲಿ ತಪ್ಪುಗಳಿರಬಹುದು. ತಿದ್ದಲು ತಂದೆ ತಾಯಿ ಇದ್ದಾರೆ. ಯಂತ್ರವನ್ನು ನಡೆಸುವವನನ್ನು ಕೇಳದೆ ಕೊಂಡ ಯಂತ್ರ ಮೂಲೆ ಸೇರುವುದನ್ನು ಉದ್ಯಮಿಗಳೆಲ್ಲರೂ ಬಲ್ಲರು. ತಾವೇ ಲೆಕ್ಕ ಹಾಕಿ ಆರಿಸಿದ ನಗರದಲ್ಲಿ ಮಕ್ಕಳು ಬೇಸರಪಡುವುದು ಅಪರೂಪ. ಆ ಲೆಕ್ಕ ಮುಂದೆ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಯೂ ಉಪಯೋಗಕ್ಕೆ ಬಂದೀತು.